ನಾಲ್ಕು ವರ್ಷ ಬಳಸಿದ ಟೊಳ್ಳು ಕ್ಯಾಥೋಡ್: ಉರಿಯುವಾಗ ತೊಂದರೆಯಿಲ್ಲ, ಹೊತ್ತಿಸುವಾಗಲೇ ಎಲ್ಲ

ನಮ್ಮ ಪ್ರಯೋಗಾಲಯದ ನಿರ್ವಾತ ಕೋಶದಲ್ಲಿ, ಸಣ್ಣ ಹಾಲ್ ಥ್ರಸ್ಟರ್ (ಅಯಾನುಗಳನ್ನು ಚಿಮ್ಮಿಸಿ ಉಪಗ್ರಹವನ್ನು ತಳ್ಳುವ ವಿದ್ಯುತ್ ಎಂಜಿನ್) ಒಂದರ ಪಕ್ಕದಲ್ಲಿ ಕೂರಿಸಿರುವ ಲ್ಯಾಂಥನಮ್ ಹೆಕ್ಸಾಬೊರೈಡ್ ಕ್ಯಾಥೋಡನ್ನು, ಅಂದರೆ ಕಾದಾಗ ಎಲೆಕ್ಟ್ರಾನ್ ಸೂಸುವ ಟೊಳ್ಳು ಕೊಳವೆಯನ್ನು, ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಇದು ಹೊರಬಿಡುವ ಎಲೆಕ್ಟ್ರಾನ್‌ಗಳಲ್ಲಿ ಒಂದು ಪಾಲು ಆನೋಡಿನತ್ತ ಸಾಗಿ ಕ್ಸೆನಾನ್ ಅನಿಲವನ್ನು ಅಯಾನೀಕರಿಸುತ್ತದೆ, ಉಳಿದ ಪಾಲು ಹೊರಚಿಮ್ಮುವ ಅಯಾನುಗಳ ಜೊತೆ ಸೇರಿ ವಿದ್ಯುದಂಶವನ್ನು ಸರಿದೂಗಿಸುತ್ತದೆ. ಆದ್ದರಿಂದ ಕ್ಯಾಥೋಡ್ ಹೊತ್ತದಿದ್ದರೆ ಆ ದಿನ ನಮಗೆ ಕೆಲಸವೇ ಇಲ್ಲ.

ಇದಕ್ಕೂ ಮೊದಲು ನಮ್ಮಲ್ಲಿದ್ದದ್ದು ಬೇರಿಯಮ್ ಹೀರಿಸಿದ ಟಂಗ್‌ಸ್ಟನ್ ಕ್ಯಾಥೋಡ್. ಅದು ಸುಮಾರು 1,000ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸಾಕಷ್ಟು ಎಲೆಕ್ಟ್ರಾನ್ ಕೊಡುತ್ತಿತ್ತಾದರೂ ಆಮ್ಲಜನಕವನ್ನಾಗಲಿ ತೇವವನ್ನಾಗಲಿ ತಾಳುತ್ತಿರಲಿಲ್ಲ. ಅನಿಲದ ಕೊಳವೆಯ ಒಂದು ಜೋಡಣೆ ಸಡಿಲಗೊಂಡು ಗಾಳಿ ನುಸುಳಿದ್ದಷ್ಟಕ್ಕೇ ಒಂದು ಕ್ಯಾಥೋಡ್ ಕೆಟ್ಟುಹೋಯಿತು. ಹೆಕ್ಸಾಬೊರೈಡಿಗೆ 1,600 ಡಿಗ್ರಿಯ ಆಸುಪಾಸಿನ ಶಾಖ ಬೇಕಾದರೂ ಅದು ಅಷ್ಟು ನಾಜೂಕಲ್ಲ. ಸೋವಿಯತ್ ಪರಂಪರೆಯ ಹಾಲ್ ಥ್ರಸ್ಟರ್‌ಗಳು ದಶಕಗಳ ಕಾಲ ಇದನ್ನೇ ನೆಚ್ಚಿಕೊಂಡಿದ್ದು ಏಕೆಂಬುದು ಮೊದಲ ವರ್ಷದಲ್ಲೇ ನನಗೆ ಮನವರಿಕೆಯಾಯಿತು. ಕೋಶವನ್ನು ಹಲವು ಸಲ ತೆರೆದು ಮುಚ್ಚಿದ್ದೇವೆ. ಕ್ಯಾಥೋಡ್ ಪೂರ್ತಿ ತಣ್ಣಗಾಗುವವರೆಗೆ ಕಾದರೆ ಸಾಕು.

ತೊಂದರೆಯಿರುವುದು ಕ್ಯಾಥೋಡನ್ನು ಮೊದಲು ಕಾಯಿಸುವ ಹೀಟರಿನಲ್ಲಿ. ಪ್ರತಿ ಸಲವೂ ಅನಿಲ ಹರಿಸಿ, ಹೀಟರಿನ ವಿದ್ಯುತ್ತನ್ನು ಹಂತಹಂತವಾಗಿ ಏರಿಸಿ, ಕಾಲು ಗಂಟೆಯಷ್ಟು ಕಾದು, ಬಳಿಕ ಕೀಪರಿಗೆ (ಕ್ಯಾಥೋಡಿನ ಬಾಯಿಯ ಮುಂದಿರುವ ಎಲೆಕ್ಟ್ರೋಡ್) ಕೆಲವು ನೂರು ವೋಲ್ಟ್ ಕೊಡುತ್ತೇವೆ. ಡಿಸ್ಚಾರ್ಜ್ (ಅನಿಲದ ಮೂಲಕ ವಿದ್ಯುತ್ತಿನ ಹರಿವು) ಹೊತ್ತಿಕೊಂಡ ಕೂಡಲೇ ಆ ವೋಲ್ಟೇಜ್ ಕೆಲವು ಹತ್ತುಗಳಿಗೆ ಕುಸಿಯುತ್ತದೆ. ಆಮೇಲೆ ಹೀಟರನ್ನು ಆರಿಸಿದರೂ ಪ್ಲಾಸ್ಮಾದ ಅಯಾನುಗಳ ಹೊಡೆತವೇ ಕ್ಯಾಥೋಡನ್ನು ಬಿಸಿಯಾಗಿಡುತ್ತದೆ. ಹೀಗಾಗಿ ಹೀಟರ್ ದುಡಿಯುವುದು ಕೆಲವೇ ನಿಮಿಷ; ಆದರೆ ಅದರ ಟ್ಯಾಂಟಲಮ್ ತಂತಿ ಪ್ರತಿ ಸಲ ಕಾದು ತಣಿಯುವಾಗಲೂ ಇಷ್ಟಿಷ್ಟೇ ಪೆಡಸಾಗುತ್ತಾ ಹೋಗುತ್ತದೆ. ಮೂರನೆಯ ವರ್ಷದ ಒಂದು ಬೆಳಿಗ್ಗೆ ನಮ್ಮದು ತುಂಡಾಯಿತು. ಎಲೆಕ್ಟ್ರಾನ್ ಸೂಸುವ ತುಂಡು ಹೊಸದರಂತೆಯೇ ಇದ್ದರೂ ಮಾರಾಟಗಾರರು ಬಿಡಿ ಹೀಟರ್ ಕೊಡಲೊಪ್ಪದೆ ಇಡೀ ಜೋಡಣೆಯನ್ನೇ ಕೊಳ್ಳಿಸಿದ್ದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

ಕೈಪಿಡಿಯಲ್ಲಿ ಬಾಳಿಕೆಯನ್ನು ಗಂಟೆಗಳಲ್ಲಿ ಮಾತ್ರ ಹೇಳಿ, ಎಷ್ಟು ಸಲ ಹೊತ್ತಿಸಬಹುದೆಂಬುದನ್ನು ಬಿಟ್ಟಿರುವುದು ನನ್ನ ಮುಖ್ಯ ಆಕ್ಷೇಪ. ನಾಸಾದ ಡೀಪ್ ಸ್ಪೇಸ್ 1 ನೌಕೆಯ ಬದಲಿ ಅಯಾನ್ ಎಂಜಿನ್ ನೆಲದ ಮೇಲಿನ ಪರೀಕ್ಷೆಯಲ್ಲಿ 30,352 ಗಂಟೆ ಉರಿದಿತ್ತು, ಅದೂ ಬೇರಿಯಮ್ ಬಗೆಯ ಕ್ಯಾಥೋಡಿನಿಂದ. ಎಂದರೆ ಗಂಟೆಗಳ ಮಟ್ಟಿಗೆ ಈ ತಂತ್ರ ಗಟ್ಟಿಯಾಗಿಯೇ ಇದೆ. ಆದರೆ ಭೂಸ್ಥಿರ ಕಕ್ಷೆಯಲ್ಲಿ ಸ್ಥಾನ ಕಾಯ್ದುಕೊಳ್ಳಲು ದಿನಕ್ಕೊಮ್ಮೆ ಥ್ರಸ್ಟರ್ ಉರಿಸಿದರೂ ಹದಿನೈದು ವರ್ಷಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಸಲ ಹೊತ್ತಿಸಬೇಕಾಗುತ್ತದೆ. ಹೀಟರೇ ಇಲ್ಲದ ಕ್ಯಾಥೋಡ್‌ಗಳನ್ನೂ ನೋಡಿದ್ದೇನೆ. ತಣ್ಣಗಿರುವಾಗಲೇ ಹೊತ್ತಿಸಲು ಅವು ಹೆಚ್ಚು ಅನಿಲವನ್ನೂ ಹೆಚ್ಚು ವೋಲ್ಟೇಜನ್ನೂ ಬೇಡುತ್ತವೆ, ಆ ಮೊದಲ ಕಿಡಿಯ ಹೊಡೆತಕ್ಕೆ ಒಳಮೈ ಸವೆಯುತ್ತದೆಂಬ ಅಳುಕು ನನಗಿನ್ನೂ ಹೋಗಿಲ್ಲ.

ಕೊಳ್ಳುವವರು ಎರಡನೆಯ ಹೀಟರಿನ ಬೆಲೆಯನ್ನು ಮೊದಲೇ ಬರೆಸಿಕೊಳ್ಳಲಿ. ನಾನೀಗ ಪ್ರತಿ ಸಲವೂ ಹೀಟರಿನ ರೋಧವನ್ನೂ ಕೀಪರ್ ಹೊತ್ತಿದ ವೋಲ್ಟೇಜನ್ನೂ ಪುಸ್ತಕದಲ್ಲಿ ಗುರುತಿಡುತ್ತೇನೆ. ಕಳೆದ ತಿಂಗಳಿಂದ ಎರಡೂ ಮೆಲ್ಲಗೆ ಏರುತ್ತಿವೆ. ಹೊಸ ಜೋಡಣೆಗೆ ಬೇಡಿಕೆ ಪತ್ರ ಕಳುಹಿಸಿಯಾಗಿದೆ.