ಮಕ್ಕಳ ಸೈಕಲ್ ಹೆಲ್ಮೆಟ್: ಎರಡು ಬೇಸಿಗೆ ರಜೆಗಳ ಬಳಕೆಯ ನಂತರ

ಚಿಕ್ಕಮಗಳೂರಿನ ಸುತ್ತಮುತ್ತ ಕಾಫಿ ಒಣಗಿಸುವ ಕೆಲಸ ಮುಗಿದು ಸಿಮೆಂಟಿನ ಕಣಗಳು ಖಾಲಿಯಾಗುವುದಕ್ಕೂ ಮಕ್ಕಳಿಗೆ ಬೇಸಿಗೆ ರಜೆ ಬರುವುದಕ್ಕೂ ಹೆಚ್ಚು ಅಂತರವಿರುವುದಿಲ್ಲ. ಏಪ್ರಿಲ್ ಬಂತೆಂದರೆ ಆ ಕಣಗಳೇ ಸೈಕಲ್ ಮೈದಾನಗಳಾಗುತ್ತವೆ. ಗಟ್ಟಿ ನೆಲದ ಮೇಲೆ ಸೈಕಲ್ ಕಲಿಯುತ್ತಿದ್ದ ಮಗಳಿಗಾಗಿ ಕೊಂಡ ಹೆಲ್ಮೆಟ್ಟಿನ ಬಗ್ಗೆ, ಎರಡು ರಜೆಗಳಲ್ಲಿ ಅದನ್ನು ಬಳಸಿ ನೋಡಿದ ಮೇಲೆ, ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವಾಗ ನಾನು ಬಣ್ಣಕ್ಕಿಂತ ಮೊದಲು ನೋಡಿದ್ದು ಒಳಗಿನ ಚೀಟಿಯನ್ನು. ಅದರ ಮೇಲೆ ಇಎನ್ 1078 ಎಂದಿತ್ತು. ಇದು ಸೈಕಲ್, ಸ್ಕೇಟಿಂಗ್ ಹೆಲ್ಮೆಟ್ಟುಗಳಿಗೆ ಯೂರೋಪಿನಲ್ಲಿ ನಿಗದಿಪಡಿಸಿದ ಮಾನದಂಡ. ಹುಬ್ಬಿನಿಂದ ತುಸು ಮೇಲೆ ಟೇಪು ಸುತ್ತಿ ತಲೆಯ ಸುತ್ತಳತೆ ತೆಗೆದು, ಆ ಅಳತೆಗೆ ಹೊಂದುವುದನ್ನೇ ಆರಿಸಿದೆವು. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದನ್ನು ಕೊಳ್ಳುವ ರೂಢಿ ಅಂಗಿಗೆ ಸರಿ, ಹೆಲ್ಮೆಟ್ಟಿಗೆ ಖಂಡಿತ ಸಲ್ಲದು. ಸಡಿಲವಾದ ಹೆಲ್ಮೆಟ್ ಬೀಳುವ ಕ್ಷಣದಲ್ಲಿ ಹಿಂದಕ್ಕೆ ಜಾರಿ ಹಣೆಯನ್ನು ಬಯಲು ಮಾಡುತ್ತದೆ. ಹುಬ್ಬಿನಿಂದ ಎರಡು ಬೆರಳಷ್ಟು ಮೇಲೆ ಅದು ಸಮತಟ್ಟಾಗಿ ಕೂರಬೇಕು, ಪಟ್ಟಿಗಳು ಕಿವಿಯ ಕೆಳಗೆ ಬಂದು ಸೇರಬೇಕು, ಗದ್ದದ ಪಟ್ಟಿಯಡಿ ಒಂದೆರಡು ಬೆರಳು ಮಾತ್ರ ತೂರಬೇಕು. ಈ ಮಾದರಿಯ ಹಿಂಬದಿಯಲ್ಲಿರುವ ಡಯಲ್ ತಿರುಗಿಸಿದರೆ ಒಳಗಿನ ಬಳೆ ತಲೆಗೆ ಹಿಡಿದುಕೊಳ್ಳುತ್ತದೆ. ಜಡೆ ಹಾಕಿದ ದಿನ ಒಂದು ಬಗೆ, ಕೂದಲು ಬಿಟ್ಟ ದಿನ ಇನ್ನೊಂದು ಬಗೆ ಎಂದು ಮಗಳೇ ಹೊಂದಿಸಿಕೊಳ್ಳುವಷ್ಟು ಅದು ಸುಲಭ. ಗಾಳಿಕಿಂಡಿಗಳು ಸಾಕಷ್ಟಿರುವುದರಿಂದ ಸೆಕೆಯೆಂದು ಅವಳು ಅದನ್ನು ತೆಗೆದಿಟ್ಟದ್ದು ಅಪರೂಪ, ಮತ್ತು ನನ್ನ ಮಟ್ಟಿಗೆ ಇದೇ ಇದರ ಅತಿ ದೊಡ್ಡ ಗುಣ.

ಮೊದಲ ರಜೆಯ ಕೊನೆಯಲ್ಲಿ ಅವಳು ಕಣದ ಅಂಚಿನ ಕಟ್ಟೆಗೆ ತಲೆ ತಾಗುವಂತೆ ಬಿದ್ದಳು. ಹೊರಚಿಪ್ಪಿನ ಮೇಲೆ ಗೀರು ಮಾತ್ರ ಕಾಣುತ್ತಿತ್ತು, ಆದರೆ ಮೆತ್ತೆ ಬಿಚ್ಚಿ ನೋಡಿದಾಗ ಒಳಗಿನ ಥರ್ಮೋಕೋಲ್ ಜಾತಿಯ ಗಟ್ಟಿ ಪದರ ಬಿರುಕು ಬಿಟ್ಟಿತ್ತು. ಆ ಪದರದ ಕೆಲಸವೇ ಅದು: ತಾನು ಜಜ್ಜಿಹೋಗಿ, ತಲೆ ನಿಲ್ಲುವುದಕ್ಕೆ ಕೆಲವೇ ಮಿಲಿಸೆಕೆಂಡುಗಳಷ್ಟು ಹೆಚ್ಚಿನ ಕಾಲಾವಕಾಶ ಕೊಟ್ಟು, ಬುರುಡೆಗೆ ತಲುಪುವ ಬಲವನ್ನು ತಗ್ಗಿಸುವುದು. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬಿರುಕು ಕಾಣದಿದ್ದರೂ ಬಿಸಾಡಲೇಬೇಕು. ಅದೇ ಮಾದರಿಯದನ್ನು ಮತ್ತೆ ಕೊಂಡೆವು. ಹೆಲ್ಮೆಟ್ ಬುರುಡೆಯ ಮುರಿತದ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಿದರೂ ಮೆದುಳು ಅಲುಗುವುದನ್ನು ಪೂರ್ತಿ ತಪ್ಪಿಸಲಾರದು. ಹಾಗಾಗಿ ಬಿದ್ದ ಮಗುವನ್ನು ಅಂದು ಮತ್ತೆ ಆಟಕ್ಕೆ ಬಿಡಬಾರದು. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಮಾತಿನ ಗೊಂದಲ, ಕಿವಿ ಅಥವಾ ಮೂಗಿನಿಂದ ನೀರಿನಂತಹ ದ್ರವ ಅಥವಾ ರಕ್ತ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅವಳಿಗೆ ಇಂಥದ್ದೇನೂ ಆಗಲಿಲ್ಲ.

ರಜೆಯಲ್ಲಿ ಮಕ್ಕಳು ಸೈಕಲ್ಲಿನಿಂದ ಇಳಿದವರೇ ಮಾವಿನ ಮರಕ್ಕೋ ಪಾರ್ಕಿನ ಜಾರುಬಂಡೆಗೋ ಓಡುತ್ತಾರೆ. ಹತ್ತುವ ಮುನ್ನ ಹೆಲ್ಮೆಟ್ ಕಡ್ಡಾಯವಾಗಿ ತೆಗೆಸಬೇಕು. ಕೊಂಬೆಯ ಕವಲಿಗೋ ಕಂಬಿಗಳ ನಡುವೆಯೋ ಅದು ಸಿಕ್ಕಿಕೊಂಡರೆ ಗದ್ದದ ಪಟ್ಟಿ ಕುತ್ತಿಗೆಗೆ ಉರುಳಾಗುತ್ತದೆ. ಎಳೆತಕ್ಕೆ ತಾನೇ ಬಿಚ್ಚಿಕೊಳ್ಳುವ ಬಕಲ್ ಇರುವ, ಪುಟ್ಟ ಮಕ್ಕಳಿಗೆಂದೇ ಮಾಡಿದ ಇಎನ್ 1080 ಮಾದರಿಗಳಿವೆ, ಇದು ಅಂಥದ್ದಲ್ಲ. ಬೈಕಿನ ಹಿಂದೆ ಶಾಲಾ ವಯಸ್ಸಿನ ಮಕ್ಕಳನ್ನು ಕೂರಿಸುವಾಗಲೂ ಇದು ಸಾಲದು, ಅದಕ್ಕೆ ಮೋಟಾರು ದ್ವಿಚಕ್ರ ವಾಹನದ ಹೆಲ್ಮೆಟ್ಟುಗಳಿಗೆ ಭಾರತದಲ್ಲಿ ನಿಗದಿಪಡಿಸಿದ ಐಎಸ್ 4151 ಮಾನದಂಡದ ಗುರುತಿರುವ ಹೆಲ್ಮೆಟ್ಟೇ ಬೇಕು.

ಕೊರತೆಗಳೂ ಇವೆ. ಕಿವಿಯ ಬಳಿಯ ಕ್ಲಿಪ್ಪುಗಳು ತಿಂಗಳೊಪ್ಪತ್ತಿನಲ್ಲಿ ಜಾರುವುದರಿಂದ ಪಟ್ಟಿಯನ್ನು ಆಗಾಗ ಹೊಂದಿಸುತ್ತಿರಬೇಕು. ನಮ್ಮ ಮಳೆಗಾಲದ ಥಂಡಿಗೆ ಒಳಮೆತ್ತೆಗಳಿಗೆ ಬೂಷ್ಟು ಹಿಡಿಯಿತು. ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದೆ. ಒಲೆಯ ಮೇಲೆ ತೂಗುಹಾಕುವುದಾಗಲಿ ಥಿನ್ನರ್, ಪೆಟ್ರೋಲಿನಲ್ಲಿ ಒರೆಸುವುದಾಗಲಿ ಬೇಡ, ಅವು ಚಿಪ್ಪನ್ನೂ ಒಳಪದರವನ್ನೂ ಕೆಡಿಸುತ್ತವೆ. ಮೆತ್ತೆಗಳನ್ನು ಬಿಡಿಯಾಗಿ ಮಾರಿದ್ದರೆ ಎಷ್ಟೋ ಚೆನ್ನಾಗಿತ್ತು. ಇಷ್ಟಿದ್ದರೂ ಮಗಳ ತಲೆ ಬೆಳೆದು ಈ ಅಳತೆ ಬಿಗಿಯಾಗುತ್ತಿರುವ ಈಗ, ಮುಂದಿನ ಅಳತೆಯದನ್ನೂ ಇದೇ ಮಾದರಿಯಲ್ಲಿ ತರಿಸಿದ್ದೇನೆ.