ಹಳೆಯ ಮಿಯಾಟಾ ಕಾರಿಗೆ ಉಪಗ್ರಹ ರೇಡಿಯೊ: ನಾಲ್ಕು ದಾರಿಗಳ ಹೋಲಿಕೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ವಾಸವಿರುವ ನನ್ನ ಬಳಿ 1994ರ ಮಾಜ್ದಾ ಮಿಯಾಟಾ ಇದೆ. ಅದಕ್ಕೆ ಎರಡೇ ಆಸನ, ಮಡಚುವ ಬಟ್ಟೆಯ ಛಾವಣಿ, 1.8 ಲೀಟರಿನ ಎಂಜಿನ್. ಅದರ ಮೂಲ ರೇಡಿಯೊದಲ್ಲಿ ಎಫ್‌ಎಂ ಮತ್ತು ಕ್ಯಾಸೆಟ್ ಇವೆಯೇ ಹೊರತು ಹೊರಗಿನ ಸಾಧನವನ್ನು ಜೋಡಿಸುವ ಕಿಂಡಿ ಇಲ್ಲ. ನೆವಾಡಾದ ಹೆದ್ದಾರಿ 50ರಂಥ ನಿರ್ಜನ ರಸ್ತೆಗಳಲ್ಲಿ ಮೈಲುಗಟ್ಟಲೆ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ ಫೋನಿನ ಆ್ಯಪ್ ನನಗೆ ಸಾಕಾಗಲಿಲ್ಲ. ಹಾಗಾಗಿ ಉಪಗ್ರಹದಿಂದಲೇ ಕಾರಿಗೆ ಪ್ರಸಾರವಾಗುವ, ಅಮೆರಿಕದ ಸಿರಿಯಸ್‌ಎಕ್ಸ್‌ಎಂ ರೇಡಿಯೊವನ್ನು ಈ ಕಾರಿಗೆ ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದ್ದೇನೆ.

ದಾರಿ ಯಾವುದೇ ಆಗಲಿ, ಮೊದಲು ಆಂಟೆನಾದ ಜಾಗ ಸರಿಯಾಗಬೇಕು. ಸುಮಾರು 2.3 ಗಿಗಾಹರ್ಟ್ಸ್‌ನ ಈ ತರಂಗಗಳು ಭೂಮಧ್ಯರೇಖೆಯ ಮೇಲಿನ ಉಪಗ್ರಹಗಳಿಂದ ಬರುವುದರಿಂದ ಅಮೆರಿಕದಲ್ಲಿ ದಕ್ಷಿಣದ ಆಕಾಶ ತೆರೆದಿರಬೇಕು. ದಟ್ಟ ರೆಡ್‌ವುಡ್ ಮರಗಳ ಕೆಳಗೆ ಧ್ವನಿ ಕಡಿಯುವುದು ಇದೇ ಕಾರಣಕ್ಕೆ. ಬೆಂಗಳೂರಿನ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊದ ಆಂಟೆನಾವನ್ನು ಕಿಟಕಿಯಲ್ಲಿಟ್ಟು, ಕೋನ ಹೊಂದಿಸಿ, ಕನ್ನಡದ 'ಸ್ಪರ್ಶ' ವಾಹಿನಿಯನ್ನು ಕೇಳುತ್ತಿದ್ದವರಿಗೆ ಈ ಅವಸ್ಥೆ ಹೊಸದಲ್ಲ. ಆ ಸೇವೆ ಭಾರತದಲ್ಲಿ 2009ರ ಕೊನೆಗೆ ನಿಂತುಹೋದದ್ದು ನನಗೆ ಇಂದಿಗೂ ಬೇಸರದ ವಿಷಯ. ಮಿಯಾಟಾದ ಬಾನೆಟ್ ಅಲ್ಯೂಮಿನಿಯಂನದು, ಹಾಗಾಗಿ ಅಯಸ್ಕಾಂತದ ಆಂಟೆನಾ ಅಲ್ಲಿ ಕೂರುವುದಿಲ್ಲ. ಡಿಕ್ಕಿಯ ಮುಚ್ಚಳ ಉಕ್ಕಿನದು. ಅಲ್ಲಿ ಅದು ಗಟ್ಟಿಯಾಗಿ ಕೂರುವುದಲ್ಲದೆ, ಆಂಟೆನಾದ ಅಡಿಗೆ ಬೇಕಾದ ಲೋಹದ ಹರವೂ ಒದಗುತ್ತದೆ. ಡ್ಯಾಶ್‌ಬೋರ್ಡ್ ಮೇಲಿಟ್ಟಾಗಲೂ ಕೆಲಸ ನಡೆಯಿತು, ಆದರೆ ಮರಗಳ ನಡುವೆ ಹೆಚ್ಚು ಬಾರಿ ಕಡಿಯಿತು. ವೈರನ್ನು ಡಿಕ್ಕಿಯ ರಬ್ಬರ್ ಅಂಚಿನಡಿಯಿಂದ ತಂದು, ಆಸನಗಳ ನಡುವೆ ಕಾರ್ಪೆಟ್ಟಿನ ಕೆಳಗೆ ಹಾಯಿಸಿದೆ. 1994ರ ಮಾದರಿಯಿಂದ ಪಕ್ಕದ ಆಸನಕ್ಕೂ ಏರ್‌ಬ್ಯಾಗ್ ಬಂದಿರುವುದರಿಂದ ಅದರ ಮುಚ್ಚಳದ ಮೇಲೆ ಯಾವ ವೈರನ್ನೂ ಎಳೆಯಬಾರದು.

ಮೊದಲು ಪ್ರಯತ್ನಿಸಿದ್ದು, ಉಪಗ್ರಹದ ತರಂಗ ಹಿಡಿಯುವ ಚಿಕ್ಕ ರಿಸೀವರ್ ತಾನೇ ಎಫ್‌ಎಂ ತರಂಗವಾಗಿ ಧ್ವನಿಯನ್ನು ಪ್ರಸಾರ ಮಾಡಿ, ಕಾರಿನ ರೇಡಿಯೊ ಅದನ್ನು ಹಿಡಿಯುವ ನಿಸ್ತಂತು ವಿಧಾನ. ಅಳವಡಿಕೆಗೆ ಹತ್ತು ನಿಮಿಷ ಸಾಕು, ಆದರೆ ಫಲಿತಾಂಶ ಕಳಪೆ. ಇಂಥ ಪ್ರಸಾರದ ಬಲಕ್ಕೆ ಕಾನೂನಿನ ಬಿಗಿ ಮಿತಿಯಿದೆ. ಮಿಯಾಟಾದ ಎಫ್‌ಎಂ ಆಂಟೆನಾ ಇರುವುದೋ ಹಿಂದಿನ ಬಲ ಮೂಲೆಯಲ್ಲಿ, ಡ್ಯಾಶ್‌ಬೋರ್ಡಿನಿಂದ ಬಹಳ ದೂರ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಖಾಲಿ ಕಂಪನಾಂಕವೂ ಅಪರೂಪ. ನಗರದಲ್ಲಿ ಕಾರು ಓಡಿಸುವವರಿಗೆ ಇದನ್ನು ನಾನು ಹೇಳಲಾರೆ.

ಎರಡನೆಯದು ಕ್ಯಾಸೆಟ್ ಅಡಾಪ್ಟರ್, ಅಂದರೆ ರಿಸೀವರ್‌ಗೆ ತಂತಿಯಿಂದ ಜೋಡಿಸಿ ಟೇಪಿನ ಕಿಂಡಿಗೆ ಹಾಕುವ ಕ್ಯಾಸೆಟ್ ಆಕಾರದ ಸಾಧನ. ಇದು ಮೊದಲಿನದಕ್ಕಿಂತ ಎಷ್ಟೋ ಮೇಲು. ಬೇರೆ ನಿಲಯಗಳ ಹಾವಳಿಯಿಲ್ಲ, ಬೆಲೆ ಕಡಿಮೆ, ಬೇಕೆಂದಾಗ ಅದೇ ತಂತಿಗೆ ಫೋನನ್ನು ಸಿಕ್ಕಿಸಿ ಕನ್ನಡ ಹಾಡುಗಳನ್ನೂ ಕೇಳಬಹುದು. ಹಳೆಯ ಟೇಪಿನ ಗರಗರ ಸದ್ದು ಮಾತ್ರ ಛಾವಣಿ ಮುಚ್ಚಿದಾಗ ಕಿವಿಗೆ ಬೀಳುತ್ತದೆ.

ಮೂರನೆಯದಾಗಿ, ಮೂಲ ರೇಡಿಯೊವನ್ನು ತೆಗೆದು, ಉಪಗ್ರಹ ಟ್ಯೂನರ್ ಜೋಡಿಸಬಹುದಾದ ಹೊಸ ಸ್ಟೀರಿಯೊ ಹಾಕಿಸಿದೆ. ಧ್ವನಿಯಲ್ಲಿ ಇದೇ ಎಲ್ಲಕ್ಕಿಂತ ಉತ್ತಮ. ವಾಹಿನಿಯ ಹೆಸರು ಪರದೆಯ ಮೇಲೆ ಕಾಣುತ್ತದೆ, ಬ್ಲೂಟೂತ್ ಇರುತ್ತದೆ. ಆದರೆ ಅಳವಡಿಸಿದ ಅಂಗಡಿಯವರು ಹೊಂದಿಕೆಯ ಪ್ಲಗ್ ಬಳಸುವ ಬದಲು ಕಾರಿನ ಮೂಲ ವೈರುಗಳನ್ನೇ ಕತ್ತರಿಸಿಬಿಟ್ಟರು. ಅದನ್ನು ಸರಿಪಡಿಸಲು ನನಗೆ ಎರಡು ವಾರಾಂತ್ಯ ಬೇಕಾಯಿತು. ಮೂವತ್ತು ವರ್ಷ ಉಳಿದುಬಂದ ವೈರುಗಳನ್ನು ಕತ್ತರಿಸಿದ್ದು ನನ್ನನ್ನು ನಿಜಕ್ಕೂ ನೋಯಿಸಿತು. ರಾತ್ರಿ ಹೊಸ ಪರದೆಯ ನೀಲಿ ಬೆಳಕೂ ಆ ಸರಳ ಡ್ಯಾಶ್‌ಬೋರ್ಡಿಗೆ ಒಗ್ಗಲಿಲ್ಲ. ಮೂಲ ರೇಡಿಯೊ ಈಗಾಗಲೇ ಇಲ್ಲದ ಕಾರಾದರೆ ಈ ದಾರಿಯನ್ನೇ ಹಿಡಿಯಿರಿ, ಅಳವಡಿಸುವವರ ಕೆಲಸವನ್ನು ಮಾತ್ರ ಎದುರಿಗೆ ನಿಂತು ನೋಡಿ.

ಕೊನೆಗೆ ಮೂಲ ರೇಡಿಯೊವನ್ನು ಮರಳಿ ಕೂರಿಸಿ, ಅದರ ಹಿಂಬದಿಯಲ್ಲಿ ಆಂಟೆನಾ ತಂತಿ ಮತ್ತು ರೇಡಿಯೊದ ನಡುವೆ ಸೇರಿಸುವ ತಂತಿಯ ಎಫ್‌ಎಂ ಅಡಾಪ್ಟರ್ ಹಾಕಿದೆ. ರಿಸೀವರ್‌ನ ಧ್ವನಿ ಗಾಳಿಯಲ್ಲಿ ಹಾಯದೆ ನೇರವಾಗಿ ರೇಡಿಯೊ ಸೇರುವುದರಿಂದ ನಿಸ್ತಂತು ವಿಧಾನದ ಗೊರಗೊರ ಇಲ್ಲವಾಯಿತು. ರಿಸೀವರ್ ಆಫ್ ಮಾಡಿದರೆ ಮಾಮೂಲಿ ಎಫ್‌ಎಂ ನಿಲಯಗಳು ಎಂದಿನಂತೆ ಬರುತ್ತವೆ. ಎಫ್‌ಎಂನಲ್ಲಿ ಸುಮಾರು 15 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿ ದಾಟುವುದಿಲ್ಲ ನಿಜ. ಆದರೆ ಉಪಗ್ರಹ ರೇಡಿಯೊದ ಧ್ವನಿಯೇ ಬಹಳಷ್ಟು ಕುಗ್ಗಿಸಿ ಕಳುಹಿಸಿದ್ದಾದ್ದರಿಂದ, ಹೊಸ ಸ್ಟೀರಿಯೊಗೂ ಇದಕ್ಕೂ ನಾನು ನಿರೀಕ್ಷಿಸಿದಷ್ಟು ಅಂತರ ಕೇಳಲಿಲ್ಲ. ಛಾವಣಿ ತೆರೆದು ಗಂಟೆಗೆ 60 ಮೈಲಿಯಲ್ಲಿ ಹೋಗುವಾಗ ಗಾಳಿಯ ಸದ್ದಿನಲ್ಲಿ ಆ ಅಂತರವೂ ಉಳಿಯಲಿಲ್ಲ. ಕಾರಿನ ಒಂದು ವೈರನ್ನೂ ಕತ್ತರಿಸಬೇಕಾಗದ ಈ ದಾರಿಯನ್ನೇ ನಾನು ಉಳಿಸಿಕೊಂಡಿದ್ದೇನೆ. ರಿಸೀವರ್‌ಗೆ ವಿದ್ಯುತ್ತನ್ನು ಸಿಗರೇಟ್ ಲೈಟರ್ ಕಿಂಡಿಯಿಂದ ಕೊಟ್ಟಿದ್ದೇನೆ. ಕೀಲಿ ತೆಗೆದೊಡನೆ ಅದು ಆರುವುದರಿಂದ, ಡಿಕ್ಕಿಯಲ್ಲಿರುವ ಚಿಕ್ಕ ಬ್ಯಾಟರಿ ವಾರಗಟ್ಟಲೆ ನಿಂತ ಕಾರಿನಲ್ಲೂ ಇದರಿಂದ ಬರಿದಾಗಿಲ್ಲ.