ಬೋರ್ ನೀರಿನ ಮನೆಗೆ ಗಾಜಿನ ಟ್ಯೂಬಿನ ಸೋಲಾರೇ ಸರಿ

ಚಿತ್ರದುರ್ಗದಲ್ಲಿ ಬೋರ್ ನೀರು ಬಳಸುವವರು ಸ್ನಾನದ ನೀರಿಗೆ ಏನು ಹಾಕಿಸಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಗಾಜಿನ ಟ್ಯೂಬಿನ ಸೋಲಾರ್. ಕರೆಂಟ್ ಗೀಸರ್, ತಾಮ್ರದ ಪೈಪಿನ ಪ್ಲೇಟ್ ಸೋಲಾರ್, ಟ್ಯೂಬಿನದು, ಮೂರನ್ನೂ ನಮ್ಮ ಮನೆಯಲ್ಲಿ ಬಳಸಿ ನೋಡಿದ್ದೇವೆ.

ಗೀಸರ್ ಸುಲಭ, ಸ್ವಿಚ್ ಹಾಕಿದರೆ ಆಯಿತು. ಆದರೆ 100 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಸುಮಾರು ಮೂರೂವರೆ ಯೂನಿಟ್ ಬೇಕು. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ ನಿಜ. ನಾವು ಸ್ನಾನಕ್ಕೆ ಇಳಿಯುವ ಹೊತ್ತಿಗೆ ಅಲ್ಲಿ ಬಿಸಿಲೇ ಬಂದಿರುವುದಿಲ್ಲ ಅಲ್ವಾ? ಆಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಮೇಲೆ ಭಾರ ಬೀಳುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸೋಲಾರ್ ಟ್ಯಾಂಕಿನಲ್ಲಿ ಇರುವುದು ನಿನ್ನೆ ಮಧ್ಯಾಹ್ನದ ಬಿಸಿಲು. ಅದಕ್ಕೆ ಏನನ್ನೂ ಸುಡಬೇಕಿಲ್ಲ.

ಪ್ಲೇಟಿನದು ಗಟ್ಟಿಮುಟ್ಟು, ಬೆಲೆ ಜಾಸ್ತಿ. ಮೊದಲ ಬೇಸಿಗೆಯಲ್ಲಿ ಚೆನ್ನಾಗಿತ್ತು. ಆಮೇಲೆ ನೀರು ಉಗುರುಬೆಚ್ಚಗೆ ಬರತೊಡಗಿತು. ಮೋಡಕ್ಕೆ ಹೀಗೆ ಅಂದರು. ಮೋಡ ಹೋದರೂ ನೀರು ಹಾಗೇ. ತಾರಸಿ ಹತ್ತಿ ನೋಡಿದರೆ ಪ್ಲೇಟಿನ ಮೇಲೆ ಕೈಯಿಡಲಾಗದಷ್ಟು ಬಿಸಿ, ಟ್ಯಾಂಕಿನ ನೀರು ಮಾತ್ರ ತಣ್ಣಗೆ.

ಬಿಚ್ಚಿಸಿದಾಗ ಕಾರಣ ಸಿಕ್ಕಿತು. ಒಳಗಿನ ತಾಮ್ರದ ಪೈಪು ಬೆರಳು ಗಾತ್ರದ್ದು. ಬೋರಿನ ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರೆಯಾಗಿ ಪೈಪಿನೊಳಗೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪಂಪ್ ಇಲ್ಲ. ಬಿಸಿನೀರು ತಾನೇ ಮೇಲೇರಬೇಕು, ತಣ್ಣೀರು ಕೆಳಗಿಳಿಯಬೇಕು. ದಾರಿ ಕಟ್ಟಿದರೆ ಎಲ್ಲ ನಿಂತ ಹಾಗೆ. ಆಸಿಡ್ ಹಾಕಿ ತೊಳೆಸಿದೆವು. ಕೆಲವು ತಿಂಗಳು ಸರಿಯಿತ್ತು, ಮತ್ತೆ ಅದೇ ಕತೆ. ಕೊನೆಗೆ ದಿನಾ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ಹಾಕಿಕೊಂಡೇ ಸ್ನಾನ. ತಾರಸಿ ಮೇಲೆ ಸೋಲಾರ್ ಇಟ್ಟುಕೊಂಡು ಕಲ್ಲಿದ್ದಲು ಸುಡುವುದು ಯಾವ ನ್ಯಾಯ? ನನಗೆ ದುಡ್ಡಿಗಿಂತ ಇದೇ ಜಾಸ್ತಿ ಸಂಕಟವಾಯಿತು. ಗಡಸು ನೀರಿಗೆಂದೇ ಹೀಟ್ ಎಕ್ಸ್‌ಚೇಂಜರ್ ಇರುವ, ಅಂದರೆ ಸ್ನಾನದ ನೀರು ಪ್ಲೇಟಿನ ಪೈಪಿಗೆ ಹೋಗದೆ ಬೇರೆ ದ್ರವದಿಂದ ಕಾಯುವ ಮಾದರಿ ಸಿಗುತ್ತದೆ, ಆದರೆ ಅದು ನಮ್ಮ ಬಜೆಟ್ಟಿಗೆ ಎಟುಕಲಿಲ್ಲ.

ಟ್ಯೂಬು ಅಗಲ. ಸುಣ್ಣ ತಳಕ್ಕೆ ಕೂತರೂ ದಾರಿ ಕಟ್ಟುವುದಿಲ್ಲ. ಆಗಾಗ ಬಿಚ್ಚಿ ತೊಳೆಸಿದರೆ ಸಾಕು. ಬೆಲೆಯೂ ಕಡಿಮೆ. ಎರಡು ಪದರದ ಗಾಜಿನ ನಡುವೆ ಗಾಳಿ ತೆಗೆದಿರುವುದರಿಂದ ಚಳಿಗಾಲದಲ್ಲೂ ನೀರು ಚೆನ್ನಾಗಿ ಕಾಯುತ್ತದೆ. ಕೋಟೆ ಪಕ್ಕದವರು ಕೋತಿಗಳ ಕಾಟಕ್ಕೆ ಟ್ಯೂಬಿನ ಮೇಲೆ ಜಾಲರಿ ಹಾಕಿಸಿ. ಒಂದು ಟ್ಯೂಬ್ ಒಡೆದರೂ ಟ್ಯಾಂಕಿನ ನೀರೆಲ್ಲ ಖಾಲಿ.

ನಮ್ಮ ಮನೆಯಲ್ಲಿ ಎಲ್ಲರದ್ದೂ ಬೆಳಗಿನ ಬಕೆಟ್ ಸ್ನಾನ, ಹಾಗಾಗಿ ಚಿಕ್ಕ ಟ್ಯಾಂಕೇ ಸಾಕಾಗಿದೆ. ಮಳೆಗಾಲದ ಮೋಡದ ದಿನಗಳಲ್ಲಿ ಬಿಟ್ಟರೆ ಕಾಯಿಲ್ ಹಾಕಿಲ್ಲ. ಶಾಂತಿಸಾಗರ ಕೆರೆಯಿಂದ ಬರುವ ನಲ್ಲಿ ನೀರು ಮಾತ್ರ ಬಳಸುವವರು ಪ್ಲೇಟಿನದನ್ನೂ ನೋಡಬಹುದು.